ಶಾಲೆಯಲ್ಲಿ ಕಣ್ಣಿನ ತಪಾಸಣೆ: ಮುಚ್ಚಿದ ಕಣ್ಣನ್ನೇ ಮೊದಲು ನೋಡಿ

ನಾಲ್ಕನೇ ಕ್ಲಾಸಿನ ಹುಡುಗಿ. ಎರಡು ವರ್ಷದಿಂದ ಅವಳ ಕಾರ್ಡಿನಲ್ಲಿ ‘ನಾರ್ಮಲ್’ ಅಂತಲೇ ಬರೆದಿತ್ತು. ನನ್ನ ಮುಂದೆಯೂ ಚಾರ್ಟನ್ನು ಪಟಪಟ ಹೇಳಿದಳು. ಸಂಶಯ ಬಂದು ಎಡಗಣ್ಣಿಗೆ ಹತ್ತಿ ಇಟ್ಟು ಟೇಪ್ ಅಂಟಿಸಿದೆ. ಬಲಗಣ್ಣಿಗೆ ಮೇಲಿನ ದೊಡ್ಡ ಅಕ್ಷರವೂ ಕಾಣಲಿಲ್ಲ. ಅಷ್ಟು ದಿನ ಬೆರಳಿನ ಸಂದಿಯಿಂದ ನೋಡುತ್ತಿದ್ದಳು, ಅಷ್ಟೇ.

ಮೊದಲು ಚಾರ್ಟ್. ಇಂಗ್ಲಿಷಿನ E ನಾಲ್ಕು ದಿಕ್ಕಿಗೂ ತಿರುಗಿರುವ ‘ಇ’ ಚಾರ್ಟನ್ನೇ ತನ್ನಿ. ಅಕ್ಷರದ ಚಾರ್ಟ್ ನನಗೆ ಹಿಡಿಸುವುದಿಲ್ಲ. ಮಗು ತಪ್ಪಿದ್ದು ಕಾಣದೆಯೋ, ಅಕ್ಷರ ಬರದೆಯೋ ಗೊತ್ತಾಗಲ್ಲ. ಮೊಬೈಲಿನಿಂದ ಇಳಿಸಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಚಾರ್ಟನ್ನಂತೂ ಸುಮ್ನೆ ನಂಬಬೇಡಿ. ಸ್ಕೇಲ್ ಇಟ್ಟು ಅಳೆಯಿರಿ. 6 ಮೀಟರ್ ದೂರದಿಂದ ನೋಡುವ ಚಾರ್ಟಿನಲ್ಲಿ 6/60 ಸಾಲಿನ, ಅಂದರೆ ಸರಿಯಾದ ಕಣ್ಣಿಗೆ 60 ಮೀಟರಿನಿಂದಲೂ ಕಾಣುವ ಸಾಲಿನ, ಅಕ್ಷರ ಸುಮಾರು 87 ಮಿಲಿಮೀಟರ್ ಎತ್ತರ ಇರಬೇಕು, 6/12ರದ್ದು ಹದಿನೇಳೂವರೆ. ಇಲ್ಲದಿದ್ದರೆ ಹರಿದು ಹಾಕಿ.

ಚಾರ್ಟಿನಿಂದ ಮಗು ನಿಲ್ಲುವ ಜಾಗಕ್ಕೆ 6 ಮೀಟರ್ ದೂರವನ್ನು ಅಳತೆ ಟೇಪಿನಲ್ಲೇ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಚಾರ್ಟಿನ ಮೇಲೆ ಬೆಳಕು ಬೀಳಲಿ, ಅದರ ಹಿಂದೆ ಕಿಟಕಿ ಇರಬಾರದು. ಕನ್ನಡಕ ಇರುವ ಮಗು ಹಾಕಿಕೊಂಡೇ ನಿಲ್ಲಲಿ.

ಈಗ ಕಣ್ಣು ಮುಚ್ಚುವುದು. ಎಲ್ಲರೂ ಎಡವುವುದು ಇಲ್ಲೇ.

‘ಒಂದು ಕಣ್ಣು ಮುಚ್ಕೋ’ ಅಂದರೆ ಮಗು ಬೆರಳುಗಳನ್ನು ಇಡುತ್ತದೆ. ಸಂದಿ ಬಿಟ್ಟೇ ಇರುತ್ತದೆ. ಇಲ್ಲವೇ ಕಣ್ಣುಗುಡ್ಡೆಯನ್ನು ಅದುಮುತ್ತದೆ. ಆಮೇಲೆ ಆ ಕಣ್ಣಿನ ಸರದಿ ಬಂದಾಗ ಸ್ವಲ್ಪ ಹೊತ್ತು ಎಲ್ಲ ಮಂಜು. ಅಂಗೈಯನ್ನು ಬಟ್ಟಲಿನಂತೆ ಮಾಡಿ, ಅದರ ಬುಡ ಮೂಗಿನ ಪಕ್ಕಕ್ಕೆ ತಾಗುವಂತೆ ಇಡಲು ಕಲಿಸಿ. ಒಳಗೆ ಕಣ್ಣು ತೆರೆದೇ ಇರಲಿ. ಚಿಕ್ಕ ಮಕ್ಕಳಿಗೆ ಇದೂ ಕಷ್ಟ. ಅವರಿಗೆ ಟಿಶ್ಯೂ ಮಡಿಸಿ ಪೇಪರ್ ಟೇಪ್ ಅಂಟಿಸಿಬಿಡಿ, ಮಗುವಿಗೊಂದು ಹೊಸ ಟಿಶ್ಯೂ.

ಇಷ್ಟಾದರೂ ಮಗು ತಲೆ ತಿರುಗಿಸಿ ಮೂಗಿನ ಪಕ್ಕದಿಂದ ಇಣುಕುತ್ತದೆ. ಅದು ಮೋಸ ಅಲ್ಲ, ಕಾಣುವ ಕಣ್ಣು ತಾನಾಗೇ ದಾರಿ ಹುಡುಕುತ್ತದೆ. ಅದಕ್ಕೇ ಇಬ್ಬರು ಬೇಕು. ಒಬ್ಬರು ಚಾರ್ಟಿನ ಹತ್ತಿರ, ಇನ್ನೊಬ್ಬರು ಮಗುವಿನ ಪಕ್ಕ. ಪಕ್ಕದಲ್ಲಿರುವವರು ಚಾರ್ಟ್ ಕಡೆ ನೋಡಲೇಬಾರದು, ಮುಖವನ್ನೇ ನೋಡುತ್ತಿರಬೇಕು. ರೆಪ್ಪೆ ಕಿರಿದು ಮಾಡಿದರೂ ತಡೆಯಿರಿ. ಹಾಗೆ ನೋಡಿದರೆ ಮಸುಕು ಕಣ್ಣಿಗೂ ಒಂದೆರಡು ಸಾಲು ಜಾಸ್ತಿ ಕಾಣುತ್ತದೆ.

ಉತ್ತರ ಬಾಯಲ್ಲಿ ಬೇಡ, ‘ಇ’ಯ ಕಾಲು ಯಾವ ಕಡೆಗಿದೆ ಅಂತ ಕೈಯಲ್ಲಿ ತೋರಿಸಲಿ. ಸರದಿಯಲ್ಲಿ ಕಾಯುವ ಮಕ್ಕಳು ‘ಮೇಲೆ, ಬಲ, ಕೆಳಗೆ’ ಅಂತ ಕೇಳಿಸಿಕೊಂಡು ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಾರೆ. ಅವರನ್ನು ಬಾಗಿಲ ಹೊರಗೇ ನಿಲ್ಲಿಸಿ.

ಯಾವಾಗಲೂ ಬಲಗಣ್ಣು ಮೊದಲು. ಮಗುವಿನ ಬಲ, ನಿಮ್ಮ ಬಲ ಅಲ್ಲ! ಎದುರು ನಿಂತು ಬರೆಯುವಾಗ ಅದಲುಬದಲು ಮಾಡಿದ ಕಾರ್ಡುಗಳನ್ನು ಎಷ್ಟೋ ನೋಡಿದ್ದೇನೆ.

6/12 ಸಾಲಿನಲ್ಲಿ ಐದರಲ್ಲಿ ನಾಲ್ಕು ಸರಿ ಬರದಿದ್ದರೆ ಮುಂದಕ್ಕೆ ಕಳಿಸಿ. ಎರಡು ಕಣ್ಣಿನ ನಡುವೆ ಎರಡು ಸಾಲಿನ ವ್ಯತ್ಯಾಸ ಇದ್ದರೂ ಕಳಿಸಿ. ಒಂದು ಕಣ್ಣು ಸೋಮಾರಿಯಾಗುತ್ತಿರಬಹುದು, ಅಂದರೆ ಮಿದುಳು ಅದನ್ನು ಬಳಸುವುದನ್ನೇ ಬಿಡುತ್ತಿರಬಹುದು. ಏಳೆಂಟು ವರ್ಷದೊಳಗೆ ಸಿಕ್ಕರೆ ಅದನ್ನು ಸರಿಪಡಿಸುವುದು ಸುಲಭ. ಮೆಳ್ಳೆಗಣ್ಣಿದ್ದರೆ ಚಾರ್ಟಿನಲ್ಲಿ ಪಾಸಾದರೂ ಕಳಿಸಿ, ‘ಅದೃಷ್ಟದ ಕಣ್ಣು’ ಅನ್ನುವ ಅಜ್ಜಿಯ ಮಾತು ಕೇಳಬೇಡಿ. ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ ಅವತ್ತೇ ಆಸ್ಪತ್ರೆಗೆ.

ಕಳಿಸುವುದು ಎಲ್ಲಿಗೆ? ತಾಲ್ಲೂಕು ಇಲ್ಲವೇ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಬಡ ಮಕ್ಕಳಿಗೆ ಉಚಿತ ಕನ್ನಡಕವೂ ಇದೆ. ‘ಫ್ರೀ ಕಂಪ್ಯೂಟರ್ ಚೆಕಪ್’ ಬೋರ್ಡಿನ ಅಂಗಡಿಗೆ ಮಾತ್ರ ಬೇಡ. ಮಕ್ಕಳ ಕಣ್ಣು ಹತ್ತಿರಕ್ಕೆ ಫೋಕಸ್ ಮಾಡಿಕೊಂಡುಬಿಟ್ಟರೆ ಯಂತ್ರ ಇಲ್ಲದ ಮೈನಸ್ ನಂಬರ್ ತೋರಿಸುತ್ತದೆ. ಫೋಕಸ್ ಸಡಿಲಿಸುವ ಡ್ರಾಪ್ಸ್ ಹಾಕಿ ನೋಡಿದರೇ ನಿಜವಾದ ನಂಬರ್ ಸಿಗುವುದು. ಡ್ರಾಪ್ಸ್ ಹಾಕಿದ ಮೇಲೆ ಹತ್ತಿರದ್ದು ಓದಲಾಗುವುದಿಲ್ಲ, ಹಾಗಾಗಿ ಶಾಲೆಯ ಪರೀಕ್ಷೆಯ ಹಿಂದಿನ ದಿನ ಕಳಿಸಬೇಡಿ.

ತಿಂಗಳು ಬಿಟ್ಟು ಕ್ಲಾಸಿಗೆ ಹೇಳದೇ ಕೇಳದೇ ಹೋಗಿ ನೋಡಿ. ಕನ್ನಡಕ ಮೂಗಿನ ಮೇಲೆ ಇಲ್ಲದಿದ್ದರೆ ಬೈಯಬೇಡಿ, ಬ್ಯಾಗಿನಿಂದ ತೆಗೆಸಿ. ಹೆಚ್ಚಾಗಿ ಕಡ್ಡಿ ಮುರಿದಿರುತ್ತದೆ, ಇಲ್ಲವೇ ಕಿವಿಯ ಹಿಂದೆ ಒತ್ತುತ್ತಿರುತ್ತದೆ.