ಚಂಡಮಾರುತ ಕೆಡವಿದ ಕಾಂಡ್ಲಾ ಕಾಡು ಮತ್ತೆ ಚಿಗುರುವುದು ಹೇಗೆ?

ಕಡಲಿನಿಂದ ಇಷ್ಟು ದೂರವಿರುವ ರಾಯಚೂರು, ಕೊಪ್ಪಳದವರಿಗೆ ಕಾಂಡ್ಲಾ ಕಾಡಿನ ಗೊಡವೆ ಏಕೆ ಎಂದು ಕೇಳಬಹುದು. ಆದರೆ ಸವಳು-ಜವಳಿನಿಂದ ಕೆಟ್ಟ ಗದ್ದೆಯನ್ನು ಕಂಡಿರುವ ಸಿಂಧನೂರು, ಗಂಗಾವತಿ ಕಡೆಯ ರೈತರಿಗೆ ಈ ಕಾಡಿನ ಕಾಯಿಲೆಯೂ ಅದರ ಮದ್ದೂ ಬೇರೆಯವರಿಗಿಂತ ಬೇಗ ಅರ್ಥವಾಗುತ್ತವೆ. ಕಾಂಡ್ಲಾ ಎಂದರೆ ಅಳಿವೆಗಳ ಕೆಸರಿನಲ್ಲಿ, ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ತೆರೆದುಕೊಳ್ಳುವ ನೆಲದಲ್ಲಿ ಬೆಳೆಯುವ ಮರಗಳ ಕಾಡು. ನಮ್ಮ ರಾಜ್ಯದಲ್ಲಿ ಕುಂದಾಪುರದ ಹಿನ್ನೀರು, ಅಘನಾಶಿನಿ ಮತ್ತು ಕಾಳಿ ಅಳಿವೆಗಳಲ್ಲಿ ಅದನ್ನು ನೋಡಬಹುದು.

ಮೊದಲ ಹಂತ ಕಾಯುವುದು. ಗಾಳಿ ನಿಂತ ಮರುದಿನ ಎಲೆಯುದುರಿದ ಕಾಡು ಪೂರ್ತಿ ಸತ್ತಂತೆ ಕಾಣುತ್ತದೆ. ಆದರೆ ಅವಿಸೆನಿಯಾ ಎಂಬ ಜಾತಿಯ ಕಾಂಡ್ಲಾ ಮರಗಳ ತೊಗಟೆಯಡಿ ಸುಪ್ತ ಮೊಗ್ಗುಗಳಿರುವುದರಿಂದ ಮುರಿದ ಕಾಂಡದಿಂದಲೇ ಹೊಸ ಚಿಗುರು ಬರುತ್ತದೆ. ಊರುಗೋಲಿನಂಥ ಬೇರುಗಳ ಮೇಲೆ ನಿಲ್ಲುವ ರೈಜೋಫೊರಾ ಎಂಬ ಇನ್ನೊಂದು ಜಾತಿಯ ಹಳೆಯ ಕೊಂಬೆಗಳಲ್ಲಿ ಆ ಶಕ್ತಿ ಉಳಿದಿರುವುದಿಲ್ಲ. ಅದು ಸಸಿಯಿಂದಲೇ ಮರಳಬೇಕು. ಆದ್ದರಿಂದ ಕೊಡಲಿ ಹಿಡಿದು ತಕ್ಷಣ ‘ಸ್ವಚ್ಛತೆ’ಗೆ ಇಳಿಯುವುದು ಸರಿಯಲ್ಲ.

ಎರಡನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ನೀರಿನ ದಾರಿ ನೋಡುವುದು. ಕೆಸರಿನಲ್ಲಿ ಗಾಳಿಯಿಲ್ಲದ ಕಾರಣ ಅವಿಸೆನಿಯಾ ಬೇರುಗಳು ಪೆನ್ಸಿಲಿನಂತೆ ನೆಲದಿಂದ ಮೇಲೆದ್ದು ಉಸಿರಾಡುತ್ತವೆ. ಚಂಡಮಾರುತ ತಂದ ಹೂಳು ಅವುಗಳನ್ನು ಮುಚ್ಚಿದರೆ, ಅಥವಾ ತೋಡುಗಳು ಕಟ್ಟಿಕೊಂಡು ಉಬ್ಬರದ ನೀರು ಹೊರಹೋಗದೆ ನಿಂತರೆ, ಗಾಳಿಯನ್ನು ತಾಳಿಕೊಂಡ ಮರವೂ ಕೆಲವು ತಿಂಗಳಲ್ಲಿ ಒಣಗುತ್ತದೆ. 2017ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾಕ್ಕೆ ಅಪ್ಪಳಿಸಿದ ಇರ್ಮಾ ಚಂಡಮಾರುತದ ನಂತರ ತಗ್ಗು ಪ್ರದೇಶಗಳ ಕಾಡು ಹೀಗೆಯೇ ತಡವಾಗಿ ಸತ್ತಿತು. ಕೆಸರನ್ನು ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ತೀಕ್ಷ್ಣವಾಗಿ ಬಂದರೆ ಬೇರಿಗೆ ಉಸಿರು ಕಟ್ಟುತ್ತಿರಬಹುದೆಂದು ಅನುಮಾನಿಸಬೇಕು.

ಇದಕ್ಕೆ ಪರಿಹಾರ ನಮ್ಮ ಬಸಿಗಾಲುವೆಯೇ. ತಮಿಳುನಾಡಿನ ಪಿಚಾವರಂನಲ್ಲಿ ಕಾಡು ಹಾಳಾದದ್ದು ಚಂಡಮಾರುತದಿಂದಲ್ಲ, ಹಿಂದೆ ಮರ ಕಡಿದ ರೀತಿಯಿಂದ. ನೆಲ ಕುಸಿದು ತೊಟ್ಟಿಯಂತಾಗಿ, ನಿಂತ ನೀರು ಆವಿಯಾಗುತ್ತ ಉಪ್ಪು ಏರಿತ್ತು. ಅಲ್ಲಿ ಸಹಜ ತೋಡಿಗೆ ಒಂದು ಮುಖ್ಯ ಕಾಲುವೆಯನ್ನು ಜೋಡಿಸಿ, ಅದರ ಎರಡೂ ಬದಿಗೆ ಮೀನಿನ ಮುಳ್ಳಿನಂತೆ ಓರೆಯಾಗಿ ಸಣ್ಣ ಕಾಲುವೆಗಳನ್ನು ತೋಡಿ, ಉಬ್ಬರವಿಳಿತ ಮತ್ತೆ ಆಡುವಂತೆ ಮಾಡಲಾಯಿತು.

ನೀರು ಸರಿಯಾದ ಮೇಲೆ ಬೀಜದ ಮಾತು. ರೈಜೋಫೊರಾದ ಬೀಜ ತಾಯಿಮರದಲ್ಲೇ ಮೊಳೆತು, ನುಗ್ಗೆಕಾಯಿಯಂತೆ ತೂಗಿ, ಉದುರಿದ ಮೇಲೆ ತೇಲುತ್ತ ಹೋಗಿ ಬೇರೂರುತ್ತದೆ. ಹತ್ತಿರದಲ್ಲಿ ಬದುಕಿರುವ ಮರಗಳಿದ್ದರೆ ನೆಡುವ ಅಗತ್ಯವೇ ಬೀಳದಿರಬಹುದು.

ಬೀಜ ಬಾರದ ಕಡೆ ಮಾತ್ರ ಸಸಿ ನೆಡಬೇಕು. ಅದೂ ಸರಾಸರಿ ಸಮುದ್ರಮಟ್ಟಕ್ಕಿಂತ ಮೇಲಿರುವ, ಇಳಿತದಲ್ಲಿ ಬರಿದಾಗುವ ನೆಲದಲ್ಲಿ. ಜಾಗ ಖಾಲಿ ಇದೆಯೆಂದು ಸದಾ ಮುಳುಗಿರುವ ತಗ್ಗು ಕೆಸರಿನಲ್ಲಿ ನೆಟ್ಟ ಸಸಿಗಳು ಅನೇಕ ದೇಶಗಳಲ್ಲಿ ಸತ್ತಿವೆ. ಅವಿಸೆನಿಯಾ ಸೊಪ್ಪನ್ನು ದನಗಳು ತಿನ್ನುವುದರಿಂದ, ಮೇಯಿಸುವ ವಿಚಾರವನ್ನು ನೆಡುವ ಮೊದಲೇ ಊರಿನವರೊಡನೆ ಮಾತಾಡಿಕೊಳ್ಳಬೇಕು.