ವಿಮಾನ ಎಡಕ್ಕೇ ಯಾಕೆ ಹೋಗುತ್ತಿತ್ತು? ಜಾಯ್‌ಸ್ಟಿಕ್ ಸರಿಮಾಡಿದ ನನ್ನ ಅನುಭವ

ಕಂಪ್ಯೂಟರಿನ ವಿಮಾನದ ಆಟದಲ್ಲಿ ಥ್ರಾಟಲ್ (ಎಂಜಿನ್ ಶಕ್ತಿ ಏರಿಸುವ ಲಿವರ್) ಮುಂದೆ ತಳ್ಳಿದ ಕೂಡಲೇ ವಿಮಾನ ಎಡಕ್ಕೆ ತಿರುಗುತ್ತಿತ್ತು. ಬಲಕ್ಕೆ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಕೊಟ್ಟರೆ ಒಂದು ಕ್ಷಣ ನೆಟ್ಟಗಾಗಿ ಮತ್ತೆ ಎಡಕ್ಕೆ. ರನ್‌ವೇ ಬಿಟ್ಟು ಹುಲ್ಲಿಗೆ ಇಳಿದು, ರೆಕ್ಕೆ ನೆಲಕ್ಕೆ ತಾಗಿ, ಅಲ್ಲಿಗೆ ಮುಗಿಯುತ್ತಿತ್ತು. ಒಂದೇ ರಾತ್ರಿ ಹನ್ನೊಂದು ಸಲ ಹೀಗಾಯಿತು.

ನಾನು ಹಾರಿಸುತ್ತಿದ್ದದ್ದು ಡಿಸಿಎಸ್ ವರ್ಲ್ಡ್ ಅನ್ನುವ ಆ ಆಟದಲ್ಲಿ ಉಚಿತವಾಗಿ ಸಿಗುವ ಟಿಎಫ್-51ಡಿ. ಎರಡನೇ ಮಹಾಯುದ್ಧದ ಮಸ್ಟಾಂಗ್ ವಿಮಾನದ ಗನ್ ಇಲ್ಲದ, ಎರಡು ಸೀಟಿನ ರೂಪ ಅದು. ಮೇಜಿನ ಮೇಲೆ ಒಂದು ಸಾಧಾರಣ ಜಾಯ್‌ಸ್ಟಿಕ್, ಅದರ ಹಿಡಿಯನ್ನೇ ತಿರುಚಿದರೆ ರಡ್ಡರ್. ಎಡಗೈಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಎರಡು ಲಿವರ್‌ನ ಥ್ರಾಟಲ್. ಆ ಥ್ರಾಟಲ್ ಮನೆಗೆ ಬಂದ ದಿನದಿಂದಲೇ ಈ ಕಾಟ ಶುರುವಾಗಿತ್ತು. ಅದು ನನಗೆ ಹೊಳೆಯಲು ನಾಲ್ಕು ದಿನ ಬೇಕಾಯಿತು.

ಯಾಕೆಂದರೆ ಮಸ್ಟಾಂಗ್ ನಿಜಕ್ಕೂ ಎಡಕ್ಕೆ ಎಳೆಯುವ ವಿಮಾನ. ಮುಂದೆ ದೊಡ್ಡ ಮರ್ಲಿನ್ ಎಂಜಿನ್, ನಾಲ್ಕು ಎಲೆಯ ಪ್ರೊಪೆಲರ್. ಪೈಲಟ್ ಸೀಟಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗುತ್ತದೆ. ಶಕ್ತಿ ಜಾಸ್ತಿ ಕೊಟ್ಟಷ್ಟೂ ಮೂತಿ ಎಡಕ್ಕೆ ಓಡುತ್ತದೆ. ಅದಕ್ಕೇ ಹೊರಡುವ ಮೊದಲು ರಡ್ಡರ್ ಟ್ರಿಮ್ಮನ್ನು (ಕೈ ಬಿಟ್ಟರೂ ರಡ್ಡರ್ ಒಂದು ಕಡೆಗೆ ಒತ್ತಿಕೊಂಡಿರುವ ಹಾಗೆ ಮಾಡುವ ಹೊಂದಿಕೆ) ಸುಮಾರು 6 ಡಿಗ್ರಿ ಬಲಕ್ಕೆ ಇಡಬೇಕು. ನಾನು ಇಟ್ಟಿದ್ದೆ. ಥ್ರಾಟಲ್ ಕೂಡ ನಿಧಾನಕ್ಕೇ ತಳ್ಳುತ್ತಿದ್ದೆ. ಆದರೂ ಆಗದಿದ್ದಾಗ ನನ್ನ ಕೈಯೇ ಪಳಗಿಲ್ಲ ಅಂದುಕೊಂಡು ಅದೇ ರನ್‌ವೇಯಲ್ಲಿ ಅಭ್ಯಾಸ ಮಾಡುತ್ತಾ ಕೂತೆ. ಸಾಧನದಲ್ಲಿ ದೋಷ ಇಟ್ಟುಕೊಂಡು ಅಭ್ಯಾಸ ಮಾಡಿದರೆ ಕೈಗೆ ಆ ದೋಷವೇ ಅಭ್ಯಾಸವಾಗುತ್ತದೆ. ಆ ನಾಲ್ಕು ದಿನದ ಬಗ್ಗೆ ನನಗೆ ಈಗಲೂ ಬೇಜಾರಿದೆ.

ಐದನೇ ದಿನ ಸುಮ್ನೆ ಬೇಸರಕ್ಕೆ ಸು-25ಟಿ ತೆಗೆದೆ. ಅದೂ ಉಚಿತವೇ. ಎರಡು ಜೆಟ್ ಎಂಜಿನ್, ಪ್ರೊಪೆಲರ್ ಇಲ್ಲ, ಮೂರು ಗಾಲಿಯ ಮೇಲೆ ನೆಟ್ಟಗೆ ನಿಲ್ಲುವ ವಿಮಾನ. ಅದಕ್ಕೆ ಎಡಕ್ಕೆ ಹೋಗಲು ಯಾವ ಕಾರಣವೂ ಇಲ್ಲ. ಥ್ರಾಟಲ್ ತಳ್ಳಿದೆ. ಅದೂ ಎಡಕ್ಕೇ ಹೋಯಿತು!

ಆಗ ಗೊತ್ತಾಯಿತು. ಎಳೆತದಲ್ಲಿ ಒಂದು ಪಾಲು ಮಸ್ಟಾಂಗ್‌ದು, ಇನ್ನೊಂದು ಪಾಲು ನನ್ನ ಮೇಜಿನದು. ಪ್ರೊಪೆಲರ್ ವಿಮಾನದಲ್ಲಿ ಇಂಥ ಅನುಮಾನ ಬಂದರೆ ಒಂದು ಜೆಟ್‌ನಲ್ಲಿ ಹಾರಿಸಿ ನೋಡಿ. ಇದಕ್ಕಿಂತ ಬೇಗ ಉತ್ತರ ಕೊಡುವ ಪರೀಕ್ಷೆ ನನಗೆ ಇನ್ನೂ ಸಿಕ್ಕಿಲ್ಲ.

ಮುಂದಿನ ಕೆಲಸಕ್ಕೆ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಆಟದೊಳಗೆ ಬಲಗಡೆಯ ಕಂಟ್ರೋಲ್ ಕೀ ಹಿಡಿದು ಎಂಟರ್ ಒತ್ತಿದರೆ ಒಂದು ಸಣ್ಣ ಚೌಕ ಕಾಣಿಸುತ್ತದೆ. ಸ್ಟಿಕ್ ಎಲ್ಲಿದೆ, ರಡ್ಡರ್ ಎಲ್ಲಿದೆ, ಥ್ರಾಟಲ್ ಎಷ್ಟಿದೆ ಅಂತ ಅದರಲ್ಲಿ ಗುರುತುಗಳಿರುತ್ತವೆ. ನಿಮ್ಮ ಕೈ ಏನು ಮಾಡುತ್ತಿದೆ ಅನ್ನುವುದಲ್ಲ, ವಿಮಾನಕ್ಕೆ ಏನು ತಲುಪುತ್ತಿದೆ ಅನ್ನುವುದು ಅಲ್ಲಿ ಕಾಣುತ್ತದೆ. ಬಲಗೈಯನ್ನು ಸ್ಟಿಕ್‌ನಿಂದ ಪೂರ್ತಿ ತೆಗೆದು ತೊಡೆಯ ಮೇಲಿಟ್ಟೆ. ಎಡಗೈಯಿಂದ ಎರಡೂ ಲಿವರ್ ತಳ್ಳಿದೆ.

"ಮಾಮ, ನೀವು ಸ್ಟಿಕ್ ಮುಟ್ಟೇ ಇಲ್ಲ, ಕೆಳಗಿನ ಗುರುತು ಓಡ್ತಾ ಇದೆ ನೋಡಿ" ಅಂದ.

ಓಡುತ್ತಿತ್ತು. ಥ್ರಾಟಲ್ ಮೇಲೆ ಹೋದ ಹಾಗೆ ರಡ್ಡರ್ ಗುರುತು ಎಡಕ್ಕೆ ಜಾರುತ್ತಿತ್ತು.

ಕಾರಣ ಸರಳ. ಆಟವು ತಗುಲಿಸಿದ ಪ್ರತಿ ಸಾಧನವನ್ನೂ ಒಂದು ಪೂರ್ತಿ ಜಾಯ್‌ಸ್ಟಿಕ್ ಅಂತಲೇ ಎಣಿಸಿ ಅದರ ಆಕ್ಸಿಸ್‌ಗಳಿಗೆ (ಸ್ಟಿಕ್, ಲಿವರ್ ಸರಿಯುವ ಒಂದೊಂದು ದಿಕ್ಕು) ಕೆಲಸ ಹಂಚಿಬಿಡುತ್ತದೆ. ಒಂದೇ ಸ್ಟಿಕ್ ಇರುವವರಿಗೆ ಇದು ದೊಡ್ಡ ಅನುಕೂಲ, ತಗುಲಿಸಿದ ತಕ್ಷಣ ಹಾರಬಹುದು. ಎರಡು ಸಾಧನ ಇದ್ದಾಗ ರಡ್ಡರ್‌ಗೆ ಇಬ್ಬರು ಯಜಮಾನರಾಗುತ್ತಾರೆ. ನನ್ನ ಥ್ರಾಟಲ್‌ನ ಎರಡನೇ ಲಿವರ್ ರಡ್ಡರ್ ಆಗಿ ಕೂತಿತ್ತು.

ಆಪ್ಷನ್ಸ್, ಕಂಟ್ರೋಲ್ಸ್, ಆಮೇಲೆ ಆಕ್ಸಿಸ್ ಕಮಾಂಡ್ಸ್. ಅಲ್ಲಿ ಒಂದೊಂದು ಸಾಲು ಒಂದೊಂದು ಕೆಲಸ, ಒಂದೊಂದು ಕಾಲಂ ಒಂದೊಂದು ಸಾಧನ. ಪಿಚ್ (ಮೂತಿ ಮೇಲೆ ಕೆಳಗೆ), ರೋಲ್ (ರೆಕ್ಕೆ ಎಡಬಲಕ್ಕೆ ವಾಲುವುದು), ರಡ್ಡರ್, ಥ್ರಸ್ಟ್ (ಎಂಜಿನ್ ಶಕ್ತಿ) ಈ ನಾಲ್ಕು ಸಾಲಿನಲ್ಲಿ ಅಡ್ಡಕ್ಕೆ ಕಣ್ಣಾಡಿಸಿ. ಒಂದು ಸಾಲಿನಲ್ಲಿ ಎರಡು ಕಡೆ ಹೆಸರು ತುಂಬಿದ್ದರೆ ಬೇಡದ್ದನ್ನು ಅಳಿಸಿ. ನಾನು ಥ್ರಾಟಲ್ ಕಾಲಂ ಪೂರ್ತಿ ಖಾಲಿ ಮಾಡಿ, ಬೇಕಾದ ಒಂದೇ ಲಿವರನ್ನು ಮತ್ತೆ ಸೇರಿಸಿದೆ. ಇದನ್ನು ಪ್ರತಿ ವಿಮಾನಕ್ಕೂ ಬೇರೆ ಬೇರೆ ಮಾಡಬೇಕು. ಮಸ್ಟಾಂಗ್‌ಗೆ ಮಾಡಿದ್ದು ಸು-25ಟಿಗೆ ಬರುವುದಿಲ್ಲ. ಪಟ್ಟಿಯಲ್ಲಿ ಒಂದೇ ವಿಮಾನದ ಹೆಸರು ಎರಡು ಸಲ ಕಂಡರೆ, ಒಂದು ಸುಲಭ ಮೋಡ್‌ನದ್ದು ಅಂತ ತಿಳಿಯಿರಿ. ತಪ್ಪು ಹೆಸರಿನಡಿ ಗಂಟೆಗಟ್ಟಲೆ ಬಟನ್ ಜೋಡಿಸಿ 'ಏನೂ ಕೆಲಸ ಮಾಡ್ತಿಲ್ಲ' ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಇಷ್ಟಾದ ಮೇಲೆ ಸು-25ಟಿ ನೆಟ್ಟಗೆ ಓಡಿತು. ಮಸ್ಟಾಂಗ್ ಮಾತ್ರ ಇನ್ನೂ ನಡುನಡುವೆ ಯಾರೋ ಬಾಲಕ್ಕೆ ಒದ್ದ ಹಾಗೆ ಜಗ್ಗುತ್ತಿತ್ತು.

ಈ ಸಲ ಆಟ ಮುಚ್ಚಿ ವಿಂಡೋಸ್‌ಗೆ ಹೋದೆ. ವಿಂಡೋಸ್ ಕೀ ಜತೆ ಆರ್ ಒತ್ತಿ 'ಜಾಯ್ ಡಾಟ್ ಸಿಪಿಎಲ್' ಅಂತ ಟೈಪ್ ಮಾಡಿದರೆ ಸಾಧನಗಳ ಪಟ್ಟಿ ಬರುತ್ತದೆ. ನಮ್ಮ ಸ್ಟಿಕ್ ಆರಿಸಿ ಪ್ರಾಪರ್ಟೀಸ್ ಒತ್ತಿದರೆ ಒಂದು ಚೌಕದಲ್ಲಿ ಪ್ಲಸ್ ಗುರುತು, ಪಕ್ಕದಲ್ಲಿ ಉದ್ದ ಪಟ್ಟಿಗಳು. ಇಲ್ಲಿ ಆಟದ ಯಾವ ಸೆಟ್ಟಿಂಗೂ ಅಡ್ಡ ಬರುವುದಿಲ್ಲ. ಇಲ್ಲಿ ಅಲ್ಲಾಡಿದರೆ ದೋಷ ಸ್ಟಿಕ್‌ನಲ್ಲಿ, ಇಲ್ಲ ಕೇಬಲ್‌ನಲ್ಲಿ. ಇಲ್ಲಿ ಸರಿ ಇದ್ದು ಆಟದಲ್ಲಿ ಮಾತ್ರ ತಪ್ಪಿದರೆ ದೋಷ ಆಟದ ಸೆಟ್ಟಿಂಗ್‌ನಲ್ಲಿ.

ಕೈ ಬಿಟ್ಟು ನೋಡಿದೆ. ಎರಡು ವಿಷಯ ಕಂಡವು. ತಿರುಚುವ ಆಕ್ಸಿಸ್‌ನ ಪಟ್ಟಿ ನಡುಗುತ್ತಿತ್ತು, ಆಗಾಗ ಪಟ್ ಅಂತ ಎಡಕ್ಕೆ ಹಾರಿ ವಾಪಸ್ ಬರುತ್ತಿತ್ತು. ಇನ್ನೊಂದು, ಪ್ಲಸ್ ಗುರುತು ನಡುವಿನಲ್ಲಿ ನಿಲ್ಲದೆ ಒಂದು ಕೂದಲೆಳೆ ಮೇಲೆ ನಿಂತಿತ್ತು. ಅಂದರೆ ಸ್ಟಿಕ್ ಸದಾ ಸ್ವಲ್ಪ ಮುಂದಕ್ಕೆ ತಳ್ಳಿದ ಹಾಗೆ.

ಈ ಎರಡನೆಯದನ್ನು ಯಾರೂ ದೊಡ್ಡದು ಅಂತ ಎಣಿಸುವುದಿಲ್ಲ. ಮಸ್ಟಾಂಗ್‌ನಲ್ಲಿ ಅದು ದೊಡ್ಡದೇ. ಆ ವಿಮಾನದ ಹಿಂದಿನ ಸಣ್ಣ ಗಾಲಿ ಸ್ಟಿಕ್‌ನ ಮಾತು ಕೇಳುತ್ತದೆ. ಸ್ಟಿಕ್ ಹಿಂದಕ್ಕೆ ಹಿಡಿದಿದ್ದರೆ ಗಾಲಿ ಲಾಕ್ ಆಗಿ ರಡ್ಡರ್ ಜತೆ ಎಡಬಲಕ್ಕೆ 6 ಡಿಗ್ರಿ ಮಾತ್ರ ತಿರುಗುತ್ತದೆ. ಸ್ಟಿಕ್ ನಡುವಿನಿಂದ ಮುಂದೆ ಹೋದರೆ ಲಾಕ್ ಬಿಟ್ಟುಹೋಗಿ ಗಾಲಿ ಗಿರಗಿರ ತಿರುಗಲು ಶುರು. ನಾನು ಓಡುವಾಗ ಸ್ಟಿಕ್ಕನ್ನು ನಡುವಿಗೆ ತಂದೆ ಅಂದುಕೊಂಡಾಗ ವಿಮಾನದ ಲೆಕ್ಕದಲ್ಲಿ ಅದು ಮುಂದೆ ಹೋಗಿರುತ್ತಿತ್ತು. ವೇಗ ಬರುವ ಮೊದಲೇ ಗಾಲಿ ಸಡಿಲ. ಆಮೇಲೆ ರಡ್ಡರ್‌ನ ಒಂದು ಜಗ್ಗು ಸಾಕಿತ್ತು.

ನಡುಬಿಂದುವಿಗೆ ವಿಂಡೋಸ್‌ನ ಕ್ಯಾಲಿಬ್ರೇಷನ್ (ಸ್ಟಿಕ್‌ನ ನಡು, ಅಂಚುಗಳನ್ನು ಮತ್ತೆ ಗುರುತಿಸುವುದು) ಸಾಕಾಯಿತು. 'ಸ್ಟಿಕ್ ನಡುವೆ ಬಿಡಿ' ಅಂತ ಕೇಳಿದಾಗ ಕೈ ನಿಜವಾಗಿಯೂ ತೆಗೆದುಬಿಡಿ, ಬೆರಳೂ ತಾಗಬಾರದು. ತಯಾರಕರದ್ದೇ ಸಾಫ್ಟ್‌ವೇರ್ ಜತೆ ಬರುವ ಸ್ಟಿಕ್ ಆದರೆ ಅದರಲ್ಲೇ ಮಾಡಿ, ವಿಂಡೋಸ್‌ನದ್ದನ್ನು ಅದರ ಮೇಲೆ ಹೇರಬೇಡಿ.

ನಡುಕಕ್ಕೆ ಸ್ಟಿಕ್ ಬಿಚ್ಚಲೇಬೇಕಾಯಿತು. ವಾರಂಟಿ ಮುಗಿದಿತ್ತು, ಹಾಗಾಗಿ ಧೈರ್ಯ ಮಾಡಿದೆ. ಬುಡದ ರಬ್ಬರ್ ಪಾದಗಳಡಿ ನಾಲ್ಕು ಸ್ಕ್ರೂ. ಹಿಡಿಯ ಕೆಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಪೊಟೆನ್ಷಿಯೋಮೀಟರ್, ಅದರಿಂದ ಮೂರು ಸಣ್ಣ ವೈರ್. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಕರಕರ ಅನ್ನುತ್ತಿತ್ತಲ್ಲ, ಅದೇ ಜಾತಿಯ ಭಾಗ. ಒಳಗೆ ಒಂದು ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಲೋಹದ ನಾಲಿಗೆ. ಧೂಳು ಸೇರಿದರೆ, ಪಟ್ಟಿ ಸವೆದರೆ, ಆ ಜಾಗದಲ್ಲಿ ಸಂಪರ್ಕ ತಪ್ಪುತ್ತದೆ. ಸದಾ ನಡುವಿನಲ್ಲೇ ಇರುವ ಹಿಡಿಯಾದ್ದರಿಂದ ಮೊದಲು ಕೆಡುವುದೂ ನಡುವೇ. ಮೊಬೈಲ್ ರಿಪೇರಿ ಅಂಗಡಿಯವರು ಬಳಸುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತಂದು, ಸಂದಿಯಲ್ಲಿ ಒಂದು ಚಿಮ್ಮು ಬಿಟ್ಟು, ಹಿಡಿಯನ್ನು ಐವತ್ತು ಸಲ ಆ ಕಡೆ ಈ ಕಡೆ ತಿರುಚಿ, ಒಂದು ಗಂಟೆ ಒಣಗಲು ಬಿಟ್ಟೆ. ತುಕ್ಕು ಬಿಡಿಸುವ ಎಣ್ಣೆ ಹಾಕಬೇಡಿ. ಜಿಡ್ಡು ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ.

ಪಟ್ಟಿ ಎಡಕ್ಕೆ ಹಾರುವುದು ನಿಂತಿತು, ಸಣ್ಣ ನಡುಕ ಉಳಿಯಿತು. ಅದಕ್ಕೆ ಆಟದ ಆಕ್ಸಿಸ್ ಟ್ಯೂನ್‌ನಲ್ಲಿ ಡೆಡ್‌ಝೋನ್ (ನಡುವಿನಲ್ಲಿ ಸ್ಟಿಕ್ ಅಲ್ಲಾಡಿದರೂ ಆಟ ಲೆಕ್ಕಕ್ಕೆ ತಗೊಳ್ಳದ ಜಾಗ) 4 ಇಟ್ಟೆ. ಹೊಸ ಸ್ಟಿಕ್ ಕೊಳ್ಳುವವರು ಹಾಲ್ ಸೆನ್ಸರ್ ಇರುವುದನ್ನು ನೋಡಿ. ಅದರಲ್ಲಿ ಆಯಸ್ಕಾಂತದ ಸ್ಥಾನವನ್ನು ಮುಟ್ಟದೆಯೇ ಅಳೆಯುವುದರಿಂದ ಉಜ್ಜಾಟವೂ ಇಲ್ಲ, ಸವೆತವೂ ಇಲ್ಲ.

ಡೆಡ್‌ಝೋನ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಶುರುವಿನಲ್ಲಿ ನಾನು ನಡುಕ ಮುಚ್ಚಲು ಎಲ್ಲಾ ಆಕ್ಸಿಸ್‌ಗೂ 12 ಇಟ್ಟು, ಕರ್ವೇಚರ್ (ನಡುವಿನಲ್ಲಿ ಸ್ಟಿಕ್ಕನ್ನು ಮೆತ್ತಗೆ ಮಾಡುವ ಕರ್ವ್) 40 ಮಾಡಿದ್ದೆ. ಸು-25ಟಿಯ 30 ಎಂಎಂ ಗನ್ ವಿಮಾನಕ್ಕೇ ಗಟ್ಟಿಯಾಗಿ ಕೂತಿದೆ. ಗುರಿ ಇಡಬೇಕೆಂದರೆ ಇಡೀ ವಿಮಾನದ ಮೂತಿಯನ್ನೇ ಅರ್ಧ ಡಿಗ್ರಿ ಸರಿಸಬೇಕು. ದೊಡ್ಡ ಡೆಡ್‌ಝೋನ್ ಇದ್ದರೆ ಸ್ಟಿಕ್ ಸರಿಸಿದರೂ ಮೂತಿ ಕದಲುವುದಿಲ್ಲ. ಇನ್ನೂ ಸ್ವಲ್ಪ ಸರಿಸುತ್ತೀರಿ, ಒಮ್ಮೆಲೇ ಗುರಿ ದಾಟಿ ಹೋಗುತ್ತದೆ. ವಾಪಸ್ ತಂದರೆ ಈ ಕಡೆ ದಾಟುತ್ತದೆ. ಕರ್ವ್ ಕೂಡ ಹಾಗೇ. ನಡುವಿನಲ್ಲಿ ಮೆತ್ತಗೆ ಮಾಡಿದ್ದನ್ನು ಅಂಚಿನಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಜೋರಾಗಿ ತಿರುಗುವಾಗ ಕೈ ಬೆರಳಗಲ ಜಾಸ್ತಿ ಹೋದರೆ ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಮೇಜಿನ ಮೇಲಿನ ಗಿಡ್ಡ ಸ್ಟಿಕ್‌ಗೆ 15ರಿಂದ 20 ಕರ್ವ್ ಬೇಕು, ಒಪ್ಪುತ್ತೇನೆ. ಅದಕ್ಕಿಂತ ಜಾಸ್ತಿ ಬೇಕು ಅನ್ನಿಸಿದರೆ ಮೊದಲು ಸ್ಟಿಕ್ ಪರೀಕ್ಷಿಸಿ.

ಇನ್ನೊಂದು ದಿನ ಹಾರಾಟದ ನಡುವೆಯೇ ಥ್ರಾಟಲ್ ಸತ್ತಿತು. ಸ್ವಂತ ಕರೆಂಟ್ ಇಲ್ಲದ ಯುಎಸ್‌ಬಿ ಹಬ್ ಬಿಟ್ಟು ನೇರ ಕಂಪ್ಯೂಟರ್‌ಗೆ ತಗುಲಿಸಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಟಿಕ್ ತೆಗೆದೆ. ಆ ಕಾಟ ಮತ್ತೆ ಬಂದಿಲ್ಲ. ಪೋರ್ಟ್ ಬದಲಿಸಿದ್ದಕ್ಕೆ ನಾನು ಜೋಡಿಸಿದ ಬಟನ್ನೆಲ್ಲಾ ಮಾಯವಾಗಿದ್ದವು. ಸೇವ್ಡ್ ಗೇಮ್ಸ್ ಒಳಗಿನ ಡಿಸಿಎಸ್ ಫೋಲ್ಡರ್, ಅದರಲ್ಲಿ ಕಾನ್ಫಿಗ್, ಅದರಲ್ಲಿ ಇನ್‌ಪುಟ್. ಪ್ರತಿ ಸಾಧನದ ಫೈಲ್ ಅಲ್ಲೇ ಇರುತ್ತದೆ, ಹೆಸರಿನ ಕೊನೆಗೆ ಆ ಸಾಧನದ ಉದ್ದನೆಯ ಗುರುತಿನ ಸಂಖ್ಯೆ. ಸಂಖ್ಯೆ ಬದಲಾದರೆ ಆಟ ಅದನ್ನು ಹೊಸ ಸಾಧನ ಅಂತ ನೋಡುತ್ತದೆ. ಹಳೇ ಫೈಲ್ ಮಾತ್ರ ಎಲ್ಲೂ ಹೋಗಿರುವುದಿಲ್ಲ. ಕಂಟ್ರೋಲ್ಸ್ ಪುಟದ ಲೋಡ್ ಪ್ರೊಫೈಲ್‌ನಿಂದ ಅದನ್ನು ಎತ್ತಿಕೊಂಡೆ. ಈಗ ಆ ಇನ್‌ಪುಟ್ ಫೋಲ್ಡರಿನ ಒಂದು ಪ್ರತಿ ಪೆನ್ ಡ್ರೈವ್‌ನಲ್ಲಿದೆ. ಯುಎಸ್‌ಬಿ ಪೋರ್ಟ್‌ಗಳ ಮೇಲೆ ಬಿಳಿ ಟೇಪ್ ಅಂಟಿಸಿ 'ಸ್ಟಿಕ್', 'ಥ್ರಾಟಲ್' ಅಂತ ಬರೆದಿದ್ದೇನೆ.

ಮೂರನೇ ವಾರದ ಭಾನುವಾರ ಮತ್ತೆ ಮಸ್ಟಾಂಗ್ ಹತ್ತಿದೆ. ಟ್ರಿಮ್ 6 ಬಲಕ್ಕೆ, ಸ್ಟಿಕ್ ಹೊಟ್ಟೆಯ ಕಡೆಗೆ, ಥ್ರಾಟಲ್ ನಿಧಾನಕ್ಕೆ. ಮೂತಿ ಎಡಕ್ಕೆ ವಾಲಲು ನೋಡಿತು. ಈ ಎಳೆತಕ್ಕೆ ಒಂದು ಹದವಿತ್ತು, ಶಕ್ತಿ ಏರಿದಷ್ಟೇ ಏರುತ್ತಿತ್ತು. ಹಿಡಿಯನ್ನು ಬಲಕ್ಕೆ ಸ್ವಲ್ಪ ತಿರುಚಿ ಹಿಡಿದೆ, ನೆಟ್ಟಗಾಯಿತು. ವೇಗ ಬಂದ ಮೇಲೆ ಸ್ಟಿಕ್ ನಡುವಿಗೆ ಬಿಟ್ಟೆ, ಬಾಲ ತಾನೇ ಎದ್ದಿತು. ರನ್‌ವೇಯ ಅಂಚುಗಳು ಎಂಜಿನ್ನಿನ ಎರಡೂ ಬದಿಗೆ ಸಮನಾಗಿ ಕಾಣುತ್ತಿರುವಾಗಲೇ ಗಾಲಿಯ ಸದ್ದು ನಿಂತಿತು.