ಹಳೇ ಟ್ರ್ಯಾಕ್ಟರ್: ತಣ್ಣಗಿದ್ದಾಗಲೇ ನೋಡಿ

ತೊಗರಿ ಮಾರಿದ ದುಡ್ಡು ಕೈಗೆ ಬಂದ ಕೂಡಲೇ ಕಲಬುರಗಿ ಸುತ್ತಮುತ್ತ ಹಳೇ ಟ್ರ್ಯಾಕ್ಟರ್ ವ್ಯಾಪಾರ ಜೋರಾಗುತ್ತದೆ. ಹೊಸ ಬಣ್ಣ, ಹೊಸ ಸೀಟು ನೋಡಿ ಮುಂಗಡ ಕೊಟ್ಟು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಮುಂಗಾರಿಗೆ ಹೊಲದಲ್ಲಿರಬೇಕಾದ ಗಾಡಿ ಗ್ಯಾರೇಜಿನಲ್ಲಿ ಬಿಚ್ಚಿ ಬಿದ್ದಿರುತ್ತದೆ.

ಮೊದಲು ಅಳತೆ. ಹತ್ತು-ಹನ್ನೆರಡು ಎಕರೆ ಎರೆ ಹೊಲಕ್ಕೆ 40–45 ಎಚ್‌ಪಿ ಸಾಕು. 50 ದಾಟಿದ್ದು ಬಾಡಿಗೆಗೆ ಓಡಿಸುವವರಿಗೆ ಇರಲಿ, ಸುಮ್ನೆ ಡೀಸೆಲ್ ಖರ್ಚು. ಯಾವ ಕಂಪನಿ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಬಿಡಿಭಾಗ ಸಿಗಬೇಕು, ನಿಮ್ಮ ಮಿಸ್ತ್ರಿಗೆ ಅದರ ಕೆಲಸ ಗೊತ್ತಿರಬೇಕು.

ಆಮೇಲೆ, ಗಾಡಿ ಎಲ್ಲಿ ದುಡಿದಿದೆ ಕೇಳಿ. ಬೀದರ್, ಆಳಂದ, ಅಫಜಲಪುರ ಕಡೆ ಕಬ್ಬು ಎಳೆದಿದ್ದರೆ ಕ್ಲಚ್, ಬ್ರೇಕ್, ಗೇರ್‌ಬಾಕ್ಸ್ ಸವೆದಿರುವ ಸಾಧ್ಯತೆ ಹೆಚ್ಚು. ಶಹಾಪುರ, ಸುರಪುರದ ಕಾಲುವೆ ನೀರಿನ ಭತ್ತದ ಕೆಸರಿನಲ್ಲಿ ಓಡಿದ್ದರೆ ಸೀಲು, ಬೇರಿಂಗ್ ನೋಡಿ. ಹಿಂದಿನ ಚಕ್ರದ ಒಳಬದಿಗೆ ಆಯಿಲ್ ಇಳಿದ ಗುರುತಿರುತ್ತದೆ. ಸೇಡಂ, ಚಿತ್ತಾಪುರದ ಒಣಬೇಸಾಯದ ಗಾಡಿ ಸಿಕ್ಕರೆ ನಾನಂತೂ ಅದನ್ನೇ ತೆಗೆದುಕೊಳ್ಳುತ್ತೇನೆ, ಸ್ವಲ್ಪ ಹಳೆಯದಾದರೂ ಸರಿ. ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನಂಬಬೇಡಿ. ಕ್ಲಚ್ ಪೆಡಲ್ ಸವೆತವೇ ನಿಜ ಹೇಳುತ್ತದೆ.

ಈಗ ಎಂಜಿನ್. ಎಲ್ಲರೂ ಎಡವುವುದು ಇಲ್ಲೇ. ಬೆಳಿಗ್ಗೆ ಬೇಗ, ಮೊದಲೇ ಹೇಳದೆ ಹೋಗಿ. ಹೇಗೋ ಸುದ್ದಿ ಗೊತ್ತಾಗಿ ಮಾರುವವರು "ನೀವು ಬರ್ತೀರಂತ ಚಾಲೂ ಮಾಡಿ ಇಟ್ಟೀನ್ರಿ" ಅಂದರೆ ಕೂತು ಮಾತಾಡಿ, ಪೂರ್ತಿ ತಣ್ಣಗಾಗಲಿ. ಬಿಸಿ ಎಂಜಿನ್ ಅರ್ಧ ರೋಗ ಮುಚ್ಚಿಡುತ್ತದೆ. ಕೈ ಇಟ್ಟು ನೋಡಿ, ತಣ್ಣಗಿದ್ದರೆ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ನೀರಿನ ಮೇಲೆ ಎಣ್ಣೆ ತೇಲುತ್ತಿದೆಯಾ? ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಹಾಲು ಹಾಕಿದ ಚಹಾದಂತಿದ್ದರೆ ಅದಕ್ಕೆ ನೀರು ಸೇರಿದೆ. ಹೀಗಿದ್ದರೆ ವ್ಯಾಪಾರ ಅಲ್ಲಿಗೇ ಬಿಡಿ.

ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ. ಹೆಚ್ಚಾಗಿ ಪಿಸ್ಟನ್ ರಿಂಗ್, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದಿರುತ್ತವೆ. ಇದು ದೊಡ್ಡ ಖರ್ಚು. ಲೋಡಿನಲ್ಲಿ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್, ಡೀಸೆಲ್ ಸಿಂಪಡಿಸುವ ನಾಜಲ್ ಕಡೆ ನೋಡಬೇಕು. ಬಹಳ ಸಲ ಕಡಿಮೆಯಲ್ಲೇ ಮುಗಿಯುತ್ತದೆ. ಎಂಜಿನ್ ನಡೆಯುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ಅಲ್ಲಿಂದ ಹೊಗೆ ರಭಸದಿಂದ ನುಗ್ಗಿದರೂ ರಿಂಗ್ ಹೋಗಿವೆ ಅಂತಲೇ. ಹೊಗೆ ಅಡಗಿಸಲು ಕೆಲವರು ದಪ್ಪ ಆಯಿಲ್ ಇಲ್ಲವೇ "ಹೊಗೆ ನಿಲ್ಲಿಸುವ" ಡಬ್ಬಿ ಸುರಿಯುತ್ತಾರೆ. ಆ ಡಬ್ಬಿಯಿಂದ ಸವೆದ ಲೈನರ್ ಸರಿಯಾಗುವುದಿಲ್ಲ, ನೀವೂ ಕೊಳ್ಳಬೇಡಿ. ಹೀಗೆ ಅಡಗಿಸಿದ್ದು ಹೊರಬರಲಿ ಅಂತಲೇ ಕಲ್ಟಿವೇಟರ್ ಕಟ್ಟಿ ಅರ್ಧ ಗಂಟೆ ಹೊಲದಲ್ಲಿ ಓಡಿಸಲೇಬೇಕು. ರಸ್ತೆ ಮೇಲೆ ಒಂದು ಸುತ್ತು ಹಾಕಿದರೆ ಏನೂ ಗೊತ್ತಾಗಲ್ಲ.

ಆಯಿಲ್ ಬಿಸಿ ಇರುವಾಗಲೇ ಲಿಫ್ಟ್ ಎತ್ತಿಸಿ, ಎಂಜಿನ್ ಬಂದ್ ಮಾಡಿಸಿ. ಕಲ್ಟಿವೇಟರ್ ಬೇಗ ಕೆಳಗಿಳಿದರೆ ಹೈಡ್ರಾಲಿಕ್ ಸೋರುತ್ತಿದೆ. ಗೇರ್ ತಾನೇ ಜಾರಬಾರದು. ಟೈರಿನಲ್ಲಿ ಹೊಸದಾಗಿ ಗೀರು ಕೊರೆದಿದ್ದರೆ ಅದನ್ನು ಹಳೇ ಟೈರ್ ಅಂತಲೇ ಲೆಕ್ಕ ಹಾಕಿ ಬೆಲೆ ಇಳಿಸಿ.

ಕಾಗದದಲ್ಲಿ ಅವಸರ ಬೇಡ. ಎಂಜಿನ್, ಚಾಸಿ ನಂಬರ್ ಆರ್‌ಸಿ (ನೋಂದಣಿ ಪತ್ರ) ಜೊತೆ ನೀವೇ ತಾಳೆ ನೋಡಿ. ಆರ್‌ಸಿ ಅವಧಿ 15 ವರ್ಷ. ಮುಗಿದಿದ್ದರೆ ನವೀಕರಣದ ಖರ್ಚು ಯಾರದು ಅಂತ ಮೊದಲೇ ಮಾತಾಡಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35, ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30 ಬೇಕು. ಸೊಲ್ಲಾಪುರ, ಲಾತೂರ್ ಅಥವಾ ಜಹೀರಾಬಾದ್ ಕಡೆಯ, ಅಂದರೆ ಹೊರ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಎನ್‌ಒಸಿಯೂ ಬೇಕು. ಟ್ರಾಲಿಗೆ ಬೇರೆಯೇ ಆರ್‌ಸಿ ಇರುತ್ತದೆ, ಅದನ್ನು ಕೇಳುವುದೇ ಬಹಳ ಜನ ಮರೆಯುತ್ತಾರೆ. ಇವೆಲ್ಲ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಮನೆಗೆ ತಂದ ಮೇಲೆ ಉಳುಮೆಗೆ ಇಳಿಸುವ ಮುಂಚೆ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್ ಮೂರನ್ನೂ ಬದಲಿಸಿ.